ಹುಳಿ ಮಣ್ಣಿಗೆ ಸುಣ್ಣ ಎಷ್ಟು ಬೇಕು? ಬಫರ್ ದ್ರಾವಣ ತಿಳಿಸುವ ಲೆಕ್ಕ

ಮಲೆನಾಡು ಮತ್ತು ಕರಾವಳಿಯ ಮಣ್ಣುಗಳು ಹುಳಿಯಾಗಿರುವುದು ರೈತರಿಗೆ ಹೊಸ ವಿಷಯವಲ್ಲ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕೊಡಗು ಜಿಲ್ಲೆಗಳಲ್ಲಿಯೂ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಮಲೆನಾಡು ತಾಲ್ಲೂಕುಗಳಲ್ಲಿಯೂ ಬೀಳುವ ಭಾರಿ ಮಳೆ ಮಣ್ಣಿನಲ್ಲಿರುವ ಸುಣ್ಣ, ಮೆಗ್ನೀಷಿಯಂ ಮತ್ತು ಪೊಟ್ಯಾಷ್ ಅಂಶಗಳನ್ನು ಬಸಿದುಕೊಂಡು ಹೋಗುತ್ತದೆ. ತೆರವಾದ ಸ್ಥಳವನ್ನು ಜಲಜನಕ ಮತ್ತು ಅಲ್ಯೂಮಿನಿಯಂ ಆಕ್ರಮಿಸುತ್ತವೆ. ಮಣ್ಣು ಹುಳಿಯಾಗುವುದು ಹೀಗೆ. ಇದಕ್ಕೆ ಸುಣ್ಣ ಹಾಕುವುದೇ ಪರಿಹಾರ ಎಂಬುದೂ ಎಲ್ಲರಿಗೂ ತಿಳಿದ ಮಾತೇ. ಆದರೆ ಎಷ್ಟು ಸುಣ್ಣ ಹಾಕಬೇಕು ಎಂಬಲ್ಲಿ ಮಾತ್ರ ಇಂದಿಗೂ ಅಂದಾಜಿನ ಮೇಲೆಯೇ ಹೆಚ್ಚಿನ ಕೆಲಸ ನಡೆಯುತ್ತಿದೆ.

ಮಣ್ಣು ಪರೀಕ್ಷೆಯ ವರದಿಯಲ್ಲಿ ರಸಸಾರ 5.2 ಎಂದಿರುತ್ತದೆ. ಪಕ್ಕದ ಊರಿನ ನೆಂಟರ ಜಮೀನಿನ ವರದಿಯಲ್ಲಿಯೂ 5.2 ಎಂದೇ ಇರುತ್ತದೆ. ಅವರು ಹಾಕಿದಷ್ಟೇ ಸುಣ್ಣವನ್ನು ಇವರೂ ಹಾಕುತ್ತಾರೆ. ಅಲ್ಲಿ ಬೆಳೆ ಚೇತರಿಸಿಕೊಳ್ಳುತ್ತದೆ; ಇಲ್ಲಿ ಎಲೆಗಳು ಬಿಳಿಚಿಕೊಳ್ಳುತ್ತವೆ. ಸುಣ್ಣದ ಮೇಲಿನ ನಂಬಿಕೆಯೇ ಹೊರಟುಹೋಗುತ್ತದೆ. ಇಲ್ಲಿ ತಪ್ಪು ಸುಣ್ಣದ್ದಲ್ಲ, ವರದಿಯದೂ ಅಲ್ಲ. ರಸಸಾರ ಎಂಬ ಒಂದೇ ಅಂಕಿಯಿಂದ ಸುಣ್ಣದ ಪ್ರಮಾಣವನ್ನು ನಿರ್ಧರಿಸಲು ಹೊರಟದ್ದೇ ತಪ್ಪು. ಸುಣ್ಣದ ಪ್ರಮಾಣ ತಿಳಿಯಲು ಬೇರೊಂದು ಅಳತೆ ಬೇಕು. ಆ ಅಳತೆಯನ್ನು ಒದಗಿಸುವುದು ಬಫರ್ ದ್ರಾವಣ.

ರಸಸಾರ ಏನನ್ನು ಹೇಳುತ್ತದೆ?

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಸೋರೆನ್‌ಸೆನ್ ಎಂಬ ವಿಜ್ಞಾನಿ 1909ರಲ್ಲಿ ರಸಸಾರದ ಅಳತೆಯನ್ನು ಬಳಕೆಗೆ ತಂದರು. ಪಿ.ಎಚ್. ಎಂದು ಕರೆಯುವುದೂ ಇದನ್ನೇ. ರಸಸಾರ 7 ಇದ್ದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಒಂದು ಅಂಕ ಕೆಳಗಿಳಿದರೆ ದ್ರಾವಣದಲ್ಲಿರುವ ಆಮ್ಲ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ರಸಸಾರ 5 ಇರುವ ಒಂದು ಲೀಟರ್ ನೀರಿನಲ್ಲಿ 0.00001 ಮೋಲ್ ಆಮ್ಲವಿರುತ್ತದೆ.

ಮೋಲ್ ಎಂಬುದು ಕಣಗಳನ್ನು ಎಣಿಸುವ ಅಳತೆ. ಡಜನ್ ಎಂದರೆ 12 ಇದ್ದಂತೆ, ಮೋಲ್ ಎಂದರೆ 6ರ ಮುಂದೆ 23 ಸೊನ್ನೆಗಳನ್ನು ಇಟ್ಟಷ್ಟು ಕಣಗಳು. ಆಮ್ಲದ ಒಂದು ಕಣವನ್ನು ಕೊಲ್ಲಲು ಎಷ್ಟು ಸುಣ್ಣ ಬೇಕೆಂಬುದು ನಿಶ್ಚಿತವಾಗಿರುವುದರಿಂದ ಲೆಕ್ಕಕ್ಕೆ ತೂಕಕ್ಕಿಂತ ಮೋಲ್ ಅನುಕೂಲ. ಶುದ್ಧ ಸುಣ್ಣಕಲ್ಲಿನ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ, ಒಂದು ಮೋಲ್ 100 ಗ್ರಾಂ ತೂಗುತ್ತದೆ ಮತ್ತು ಎರಡು ಮೋಲ್ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಆದ್ದರಿಂದ ಒಂದು ಮೋಲ್ ಆಮ್ಲಕ್ಕೆ 50 ಗ್ರಾಂ ಸುಣ್ಣಕಲ್ಲಿನ ಪುಡಿ ಬೇಕು. ಈ 50 ಎಂಬ ಅಂಕಿಯನ್ನು ನೆನಪಿನಲ್ಲಿಡಬೇಕು.

ಈಗ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಒಂದು ಹೆಕ್ಟೇರಿನ ಮೇಲ್ಪದರದ 15 ಸೆಂ.ಮೀ. ಮಣ್ಣು ಸುಮಾರು 20 ಲಕ್ಷ ಕಿ.ಗ್ರಾಂ ತೂಗುತ್ತದೆ. ಅದರಲ್ಲಿ ಕಾಲು ಭಾಗದಷ್ಟು, ಅಂದರೆ 5 ಲಕ್ಷ ಲೀಟರ್, ನೀರಿದೆ ಎಂದಿಟ್ಟುಕೊಳ್ಳೋಣ. ಆ ನೀರಿನ ರಸಸಾರ 5 ಆಗಿದ್ದರೆ ಅದರಲ್ಲಿರುವ ಒಟ್ಟು ಆಮ್ಲ 5 ಮೋಲ್ ಮಾತ್ರ. ಅದನ್ನು ತಟಸ್ಥಗೊಳಿಸಲು 250 ಗ್ರಾಂ ಸುಣ್ಣಕಲ್ಲಿನ ಪುಡಿ ಸಾಕು! ಇಡೀ ಹೆಕ್ಟೇರಿಗೆ ಕಾಲು ಕಿಲೋ. ಆದರೆ ವಾಸ್ತವವಾಗಿ ಬೇಕಾಗುವುದು ಟನ್ನುಗಟ್ಟಲೆ ಸುಣ್ಣ ಎಂಬುದು ಅನುಭವದ ಮಾತು. ಹಾಗಾದರೆ ಉಳಿದ ಆಮ್ಲ ಎಲ್ಲಿದೆ?

ಕೈಯಲ್ಲಿನ ಕಾಳು, ಕಣಜದಲ್ಲಿನ ದವಸ

ಮಣ್ಣಿನ ನೀರಿನಲ್ಲಿ ಕರಗಿರುವ ಆಮ್ಲ ಕೈಯಲ್ಲಿ ಹಿಡಿದ ಕಾಳಿನಂತೆ. ಜೇಡಿಕಣಗಳಿಗೂ ಸಾವಯವ ಪದಾರ್ಥಕ್ಕೂ ಅಂಟಿಕೊಂಡಿರುವ ಜಲಜನಕ ಮತ್ತು ಅಲ್ಯೂಮಿನಿಯಂ ಕಣಜದಲ್ಲಿನ ದವಸದಂತೆ. ಮೊದಲನೆಯದು ಪ್ರಕಟ ಆಮ್ಲತೆ. ಎರಡನೆಯದು ಮೀಸಲು ಆಮ್ಲತೆ. ಸುಣ್ಣ ಹಾಕಿದಾಗ ನೀರಿನಲ್ಲಿರುವ ಆಮ್ಲ ಮೊದಲು ನಾಶವಾಗುತ್ತದೆ. ಕೂಡಲೇ ಕಣಜದಿಂದ ಅಷ್ಟೇ ಆಮ್ಲ ಹೊರಬಂದು ಅದರ ಜಾಗವನ್ನು ತುಂಬುತ್ತದೆ. ಅಲ್ಯೂಮಿನಿಯಂ ನೀರಿನೊಡನೆ ಸೇರಿ, ತನ್ನ ಒಂದೊಂದು ಮೋಲಿಗೆ ಮೂರು ಮೋಲ್ ಆಮ್ಲವನ್ನು ಬಿಡುಗಡೆ ಮಾಡಬಲ್ಲದು. ಹೀಗಾಗಿ ಕಣಜ ಸಾಕಷ್ಟು ಖಾಲಿಯಾಗುವವರೆಗೆ ರಸಸಾರ ಮೇಲೇರುವುದಿಲ್ಲ.

ರಸಸಾರ ಮಾಪಕ ಕೈಯಲ್ಲಿನ ಕಾಳನ್ನು ಮಾತ್ರ ನೋಡುತ್ತದೆ. ಕಣಜ ಎಷ್ಟು ದೊಡ್ಡದು ಎಂಬುದನ್ನು ಅದು ಹೇಳುವುದಿಲ್ಲ. ಮರಳು ಮಿಶ್ರಿತ ಕೆಂಪು ಮಣ್ಣಿನ ಕಣಜ ಚಿಕ್ಕದು. ಜೇಡಿ ಮತ್ತು ಸಾವಯವ ಪದಾರ್ಥ ಹೆಚ್ಚಾಗಿರುವ ಮಲೆನಾಡಿನ ಮಣ್ಣಿನ ಕಣಜ ದೊಡ್ಡದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ಪರೀಕ್ಷಿಸುವ 12 ಅಂಶಗಳಲ್ಲಿ ರಸಸಾರ ಸೇರಿದೆ. ಮೀಸಲು ಆಮ್ಲತೆಯ ಅಳತೆ ಸೇರಿಲ್ಲ. ಆದ್ದರಿಂದ ರಸಸಾರ 5.5ಕ್ಕಿಂತ ಕಡಿಮೆ ಇರುವ ಜಮೀನುಗಳಿಗೆ ಸುಣ್ಣದ ಅವಶ್ಯಕತೆಯ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕಾಗುತ್ತದೆ.

ಬಫರ್ ದ್ರಾವಣದ ಗುಣ

ಒಂದು ದುರ್ಬಲ ಆಮ್ಲವೂ ಅದರದೇ ಲವಣವೂ ಜೊತೆಯಾಗಿರುವ ದ್ರಾವಣಕ್ಕೆ ಬಫರ್ ದ್ರಾವಣ ಎನ್ನುತ್ತಾರೆ. ಅದಕ್ಕೆ ಸ್ವಲ್ಪ ಆಮ್ಲ ಹಾಕಿದರೂ ರಸಸಾರ ದಿಢೀರನೆ ಕುಸಿಯುವುದಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ 0.001 ಮೋಲ್ ಪ್ರಬಲ ಆಮ್ಲ ಸೇರಿಸಿದರೆ ರಸಸಾರ 7ರಿಂದ ನೇರವಾಗಿ 3ಕ್ಕೆ ಇಳಿಯುತ್ತದೆ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ 0.10 ಮೋಲ್ ಮತ್ತು ಸೋಡಿಯಂ ಅಸಿಟೇಟ್ 0.10 ಮೋಲ್ ಇರುವ ಒಂದು ಲೀಟರ್ ಬಫರಿಗೆ ಅಷ್ಟೇ ಆಮ್ಲ ಸೇರಿಸಿದರೆ ರಸಸಾರ 4.76ರಿಂದ 4.75ಕ್ಕೆ ಮಾತ್ರ ಇಳಿಯುತ್ತದೆ.

ಕಾರಣ ಸರಳ. ಹೊಸದಾಗಿ ಬಂದ ಆಮ್ಲವನ್ನು ಅಸಿಟೇಟ್ ಹಿಡಿದುಕೊಂಡು ತಾನೇ ಅಸಿಟಿಕ್ ಆಮ್ಲವಾಗುತ್ತದೆ. ಒಂದು ಮೋಲ್ ಆಮ್ಲ ಬಂದರೆ ಅಸಿಟೇಟ್ ಒಂದು ಮೋಲ್ ಕಡಿಮೆಯಾಗುತ್ತದೆ, ಅಸಿಟಿಕ್ ಆಮ್ಲ ಒಂದು ಮೋಲ್ ಹೆಚ್ಚಾಗುತ್ತದೆ. ರಸಸಾರವನ್ನು ನಿರ್ಧರಿಸುವುದು ಇವೆರಡರ ಅನುಪಾತ:

ರಸಸಾರ = 4.76 + ಲಘುಗಣಕ (ಅಸಿಟೇಟ್ ÷ ಅಸಿಟಿಕ್ ಆಮ್ಲ)

ಈ ಸೂತ್ರದ ಪ್ರಕಾರ, ಆರಂಭದಲ್ಲಿ ರಸಸಾರ 4.76 ಇದ್ದ ಬಫರಿಗೆ 0.01 ಮೋಲ್ ಆಮ್ಲ ಸೇರಿದರೆ ರಸಸಾರ 4.67 ಆಗುತ್ತದೆ, 0.02 ಮೋಲ್ ಸೇರಿದರೆ 4.58 ಆಗುತ್ತದೆ. ಪ್ರತಿ 0.01 ಮೋಲಿಗೆ ಸುಮಾರು 0.09ರಷ್ಟು ಇಳಿತ. ಅಂದರೆ ಬಫರಿನಲ್ಲಿ ರಸಸಾರ ಅಳತೆಗೋಲಿನಂತೆ ಹಂತ ಹಂತವಾಗಿ ಇಳಿಯುತ್ತದೆ.

ಲೆಕ್ಕವನ್ನು ತಿರುಗಿಸಿದರೆ

ಎಷ್ಟು ಆಮ್ಲ ಹಾಕಿದ್ದಾರೆಂದು ಗೊತ್ತಿಲ್ಲ, ಆದರೆ ಮಾಪಕ 4.58 ತೋರಿಸುತ್ತಿದೆ ಎಂದುಕೊಳ್ಳೋಣ. 4.58ರಿಂದ 4.76 ಕಳೆದರೆ ಮೈನಸ್ 0.18. ಇದರ ಪ್ರತಿಲಘುಗಣಕ ಸುಮಾರು 0.66, ಅಂದರೆ ಮೂರರಲ್ಲಿ ಎರಡು ಪಾಲು. ಎರಡು ಪಾಲು ಅಸಿಟೇಟಿಗೆ ಮೂರು ಪಾಲು ಅಸಿಟಿಕ್ ಆಮ್ಲವಿದೆ ಎಂದಾಯಿತು. ಎರಡೂ ಸೇರಿ ಒಟ್ಟು 0.20 ಮೋಲ್ ಇದ್ದದ್ದು ಬದಲಾಗಿಲ್ಲ. ಅದನ್ನು 2 ಮತ್ತು 3ರ ಅನುಪಾತದಲ್ಲಿ ಹಂಚಿದರೆ ಅಸಿಟೇಟ್ 0.08, ಅಸಿಟಿಕ್ ಆಮ್ಲ 0.12. ಮೊದಲು 0.10 ಇದ್ದ ಅಸಿಟೇಟ್ 0.08ಕ್ಕೆ ಇಳಿದಿದೆ. ಕಡಿಮೆಯಾದ 0.02 ಮೋಲೇ ಹೊರಗಿನಿಂದ ಬಂದ ಆಮ್ಲ.

ಬಫರಿನ ಆರಂಭದ ಸ್ಥಿತಿ ಗೊತ್ತಿದ್ದರೆ, ರಸಸಾರದ ಇಳಿತವನ್ನು ನೋಡಿ ಸೇರಿದ ಆಮ್ಲದ ಮೋಲುಗಳನ್ನು ಹೀಗೆ ಎಣಿಸಬಹುದು. ಆ ಆಮ್ಲ ಸೀಸೆಯಿಂದಲೇ ಬರಬೇಕೆಂದಿಲ್ಲ. ಮಣ್ಣಿನಿಂದಲೂ ಬರಬಹುದು. ಸುಣ್ಣದ ಅವಶ್ಯಕತೆಯ ಪರೀಕ್ಷೆ ನಿಂತಿರುವುದು ಈ ತತ್ವದ ಮೇಲೆಯೇ.

ಮಣ್ಣನ್ನೇ ಬಫರಿಗೆ ಸೇರಿಸುವುದು

ಭಾರತದ ಮಣ್ಣು ಪರೀಕ್ಷಾ ಕೈಪಿಡಿಗಳಲ್ಲಿ ಹೆಚ್ಚಾಗಿ ಕಂಡುಬರುವುದು ಶೂಮೇಕರ್, ಮೆಕ್‌ಲೀನ್ ಮತ್ತು ಪ್ರ್ಯಾಟ್ ಅವರು 1961ರಲ್ಲಿ ಪ್ರಕಟಿಸಿದ ಬಫರ್. ಅದರ ಆರಂಭದ ರಸಸಾರ 7.5. ಹೆಚ್ಚು ಸುಣ್ಣ ಬೇಡುವ, ಅಲ್ಯೂಮಿನಿಯಂ ಹೆಚ್ಚಾಗಿರುವ ಮಣ್ಣುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಕಣಜ ಚಿಕ್ಕದಾಗಿರುವ ಹಗುರ ಮಣ್ಣುಗಳಿಗಾಗಿ ಆಡಮ್ಸ್ ಮತ್ತು ಇವಾನ್ಸ್ ಎಂಬವರು 1962ರಲ್ಲಿ ಇನ್ನೊಂದು ಬಫರನ್ನು ರೂಪಿಸಿದರು. ಇದರಲ್ಲಿ ಲೆಕ್ಕ ನೇರವಾಗಿರುವುದರಿಂದ ತತ್ವವನ್ನು ಅರಿಯಲು ಇದೇ ಅನುಕೂಲ.

ಈ ಬಫರಿನಲ್ಲಿ ಪ್ಯಾರಾ ನೈಟ್ರೊಫೀನಾಲ್ ಮತ್ತು ಬೋರಿಕ್ ಆಮ್ಲ ಎಂಬ ಎರಡು ದುರ್ಬಲ ಆಮ್ಲಗಳಿವೆ. ಆದ್ದರಿಂದ ರಸಸಾರ 8ರಿಂದ 7ರವರೆಗೆ ಇದು ಹೆಚ್ಚು ಕಡಿಮೆ ಒಂದೇ ಸಮನಾಗಿ ಇಳಿಯುತ್ತದೆ. 10 ಗ್ರಾಂ ಮಣ್ಣಿಗೆ 10 ಮಿ.ಲೀ. ಭಟ್ಟಿ ಇಳಿಸಿದ ನೀರು ಸೇರಿಸಿ ಮೊದಲು ಸಾಮಾನ್ಯ ರಸಸಾರವನ್ನು ಅಳೆಯಬೇಕು. ಅನಂತರ ಅದಕ್ಕೇ 10 ಮಿ.ಲೀ. ಬಫರ್ ಸೇರಿಸಿ, ಆಗಾಗ ಕಲಕುತ್ತಾ 30 ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಮಣ್ಣಿಲ್ಲದ ಬಫರ್ ಮತ್ತು ನೀರಿನ ಮಿಶ್ರಣ 8.00 ತೋರಿಸುತ್ತದೆ. ರಸಸಾರ 0.1 ಇಳಿದರೆ 0.08 ಮಿಲಿಮೋಲ್ ಆಮ್ಲ ಸೇರಿದೆ ಎಂದು ಲೆಕ್ಕ. ಮಿಲಿಮೋಲ್ ಎಂದರೆ ಮೋಲಿನ ಸಾವಿರದ ಒಂದು ಭಾಗ.

ಎರಡು ಜಮೀನುಗಳ ಲೆಕ್ಕ

ಉದಾಹರಣೆಗಾಗಿ ಎರಡು ಮಣ್ಣುಗಳನ್ನು ತೆಗೆದುಕೊಳ್ಳೋಣ. ನೀರಿನಲ್ಲಿ ಅಳೆದಾಗ ಎರಡರ ರಸಸಾರವೂ 5.2. ಒಂದು ಮರಳು ಮಿಶ್ರಿತ ಕೆಂಪು ಮಣ್ಣು. ಇನ್ನೊಂದು ಜೇಡಿ ಹೆಚ್ಚಾಗಿರುವ ಮಲೆನಾಡಿನ ಮಣ್ಣು.

ಕೆಂಪು ಮಣ್ಣು ಸೇರಿಸಿದಾಗ ಬಫರಿನ ರಸಸಾರ 7.80 ಆಯಿತು. ಇಳಿತ 0.20. ಆದ್ದರಿಂದ 10 ಗ್ರಾಂ ಮಣ್ಣಿನಿಂದ ಬಂದ ಆಮ್ಲ 0.16 ಮಿಲಿಮೋಲ್. ಒಂದು ಕಿ.ಗ್ರಾಂ ಮಣ್ಣಿಗೆ 16 ಮಿಲಿಮೋಲ್. ಹೆಕ್ಟೇರಿನ 20 ಲಕ್ಷ ಕಿ.ಗ್ರಾಂ ಮಣ್ಣಿಗೆ 32,000 ಮೋಲ್. ಮೋಲಿಗೆ 50 ಗ್ರಾಂನಂತೆ 1,600 ಕಿ.ಗ್ರಾಂ ಸುಣ್ಣಕಲ್ಲು.

ಮಲೆನಾಡಿನ ಮಣ್ಣು ಸೇರಿಸಿದಾಗ ಬಫರಿನ ರಸಸಾರ 7.40 ಆಯಿತು. ಇಳಿತ 0.60. 10 ಗ್ರಾಂ ಮಣ್ಣಿನಿಂದ ಬಂದ ಆಮ್ಲ 0.48 ಮಿಲಿಮೋಲ್. ಒಂದು ಕಿ.ಗ್ರಾಂ ಮಣ್ಣಿಗೆ 48 ಮಿಲಿಮೋಲ್. ಹೆಕ್ಟೇರಿಗೆ 96,000 ಮೋಲ್, ಅಂದರೆ 4,800 ಕಿ.ಗ್ರಾಂ ಸುಣ್ಣಕಲ್ಲು.

ಇದು ಬಫರಿನ ಮುಂದೆ ಮಣ್ಣು ಬಿಟ್ಟುಕೊಟ್ಟ ಒಟ್ಟು ಆಮ್ಲದ ಲೆಕ್ಕ. ಬೆಳೆಗೆ ಅಷ್ಟನ್ನೂ ತೆಗೆಯುವ ಅಗತ್ಯವಿಲ್ಲ. ಆಡಮ್ಸ್ ಮತ್ತು ಇವಾನ್ಸ್ ಅವರ ಸಮೀಕರಣದ ಪ್ರಕಾರ ರಸಸಾರವನ್ನು 5.2ರಿಂದ 6.5ಕ್ಕೆ ಏರಿಸಲು ಈ ಆಮ್ಲದಲ್ಲಿ ಸುಮಾರು ಶೇಕಡ 59ರಷ್ಟನ್ನು ತಟಸ್ಥಗೊಳಿಸಿದರೆ ಸಾಕು. ಆದರೆ ಹೊಲದಲ್ಲಿ ಹಾಕಿದ ಸುಣ್ಣವೆಲ್ಲವೂ ಮಣ್ಣಿನೊಡನೆ ಬೆರೆತು ಪೂರ್ತಿ ಕರಗುವುದಿಲ್ಲವಾದ್ದರಿಂದ ಬಂದ ಮೊತ್ತವನ್ನು ಒಂದೂವರೆ ಪಟ್ಟು ಮಾಡುತ್ತಾರೆ. ಹೀಗೆ ಮಾಡಿದಾಗ ಶುದ್ಧ ಸುಣ್ಣಕಲ್ಲಿನ ಲೆಕ್ಕದಲ್ಲಿ ಬೇಕಾಗುವ ಪ್ರಮಾಣ:

ಕೆಂಪು ಮಣ್ಣು: ಹೆಕ್ಟೇರಿಗೆ ಸುಮಾರು 1,416 ಕಿ.ಗ್ರಾಂ, ಎಕರೆಗೆ ಸುಮಾರು 575 ಕಿ.ಗ್ರಾಂ.
ಮಲೆನಾಡಿನ ಮಣ್ಣು: ಹೆಕ್ಟೇರಿಗೆ ಸುಮಾರು 4,248 ಕಿ.ಗ್ರಾಂ, ಎಕರೆಗೆ ಸುಮಾರು 1,720 ಕಿ.ಗ್ರಾಂ.

ರಸಸಾರ ಒಂದೇ, ಸುಣ್ಣ ಮೂರು ಪಟ್ಟು. ಮಲೆನಾಡಿನ ಲೆಕ್ಕವನ್ನು ಕೆಂಪು ಮಣ್ಣಿಗೆ ಹಾಕಿದರೆ ಹಣ ಹಾಳಾಗುವುದಷ್ಟೇ ಅಲ್ಲ, ಸತು, ಕಬ್ಬಿಣ, ಮ್ಯಾಂಗನೀಸ್ ಮತ್ತು ಬೋರಾನ್ ಪೋಷಕಾಂಶಗಳು ಬೇರುಗಳಿಗೆ ಸಿಗದಂತಾಗಿ ಎಲೆ ಬಿಳಿಚುತ್ತದೆ. ಹೀಗೆ ಹೆಚ್ಚಾದ ಸುಣ್ಣವನ್ನು ಮಣ್ಣಿನಿಂದ ಹೊರತೆಗೆಯುವುದು ಸುಲಭವಲ್ಲ. ಕೆಂಪು ಮಣ್ಣಿನ ಲೆಕ್ಕವನ್ನು ಮಲೆನಾಡಿನ ಮಣ್ಣಿಗೆ ಹಾಕಿದರೆ ಕಣಜದ ಮೂರನೆಯ ಒಂದು ಭಾಗಕ್ಕಷ್ಟೇ ಉತ್ತರ ಕೊಟ್ಟಂತಾಗಿ, ರಸಸಾರ ಗುರಿ ಮುಟ್ಟುವುದಿಲ್ಲ.

ಲೆಕ್ಕದಿಂದ ಜಮೀನಿಗೆ

ಮೇಲಿನ ಅಂಕಿಗಳು ಶುದ್ಧ ಸುಣ್ಣಕಲ್ಲಿಗೆ ಸಂಬಂಧಿಸಿದವು. ಅಂಗಡಿಯಲ್ಲಿ ಸಿಗುವ ವಸ್ತುವಿನ ತಟಸ್ಥಗೊಳಿಸುವ ಶಕ್ತಿಯನ್ನು ಕೇಳಿ ತಿಳಿದು ಲೆಕ್ಕವನ್ನು ಸರಿಪಡಿಸಬೇಕು. ಶುದ್ಧ ಸುಣ್ಣಕಲ್ಲಿನ ಶಕ್ತಿಯನ್ನು 100 ಎಂದಿಟ್ಟುಕೊಂಡರೆ ಶುದ್ಧ ಡಾಲೊಮೈಟಿನದು ಸುಮಾರು 109, ಅರಳಿದ ಸುಣ್ಣದ್ದು 135, ಸುಟ್ಟ ಸುಣ್ಣದ್ದು 179. ಶಕ್ತಿ 80 ಇರುವ ಕೃಷಿ ಸುಣ್ಣವಾದರೆ ಕೆಂಪು ಮಣ್ಣಿಗೆ 1,416 ಕಿ.ಗ್ರಾಂ ಬದಲು 1,770 ಕಿ.ಗ್ರಾಂ ಬೇಕು. ಅರಳಿದ ಸುಣ್ಣವಾದರೆ ಸುಮಾರು 1,050 ಕಿ.ಗ್ರಾಂ ಸಾಕು. ಪುಡಿ ನುಣ್ಣಗಿದ್ದಷ್ಟೂ ಬೇಗ ಕೆಲಸ ಮಾಡುತ್ತದೆ. ದಪ್ಪ ಹರಳುಗಳು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ.

ಜಿಪ್ಸಂ ಹಾಕಿದರೆ ಹುಳಿ ಹೋಗುತ್ತದೆಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಜಿಪ್ಸಂ ಕ್ಯಾಲ್ಸಿಯಂ ಮತ್ತು ಗಂಧಕವನ್ನು ಒದಗಿಸುತ್ತದೆ ನಿಜ. ಆದರೆ ಅದು ಒಂದು ಮೋಲ್ ಆಮ್ಲವನ್ನೂ ತಟಸ್ಥಗೊಳಿಸುವುದಿಲ್ಲ.

ಸುಣ್ಣ ಹಾಕುವಾಗ ಗಮನಿಸಬೇಕಾದ ಇತರ ಅಂಶಗಳು ಹೀಗಿವೆ:

1. ಬಿತ್ತನೆಗೆ ಅಥವಾ ನಾಟಿಗೆ ಮೂರು ನಾಲ್ಕು ವಾರ ಮೊದಲೇ ಸಮನಾಗಿ ಎರಚಿ, ಮೇಲ್ಪದರದ 15 ಸೆಂ.ಮೀ. ಮಣ್ಣಿನಲ್ಲಿ ಬೆರೆಸಬೇಕು. ಮಣ್ಣಿನಲ್ಲಿ ತೇವವಿರಬೇಕು.

2. ಮಲೆನಾಡಿನ ಮಣ್ಣಿನ ಉದಾಹರಣೆಯಂತೆ ಪ್ರಮಾಣ ಹೆಚ್ಚಾಗಿದ್ದರೆ ಎರಡು ಕಂತುಗಳಲ್ಲಿ, ಎರಡು ವರ್ಷ ಹಾಕುವುದು ಒಳ್ಳೆಯದು. ಎರಡನೆಯ ಕಂತಿಗೆ ಮೊದಲು ಮಣ್ಣನ್ನು ಮತ್ತೆ ಪರೀಕ್ಷಿಸಬೇಕು.

3. ಯೂರಿಯಾ ಮತ್ತು ಅಮೋನಿಯಂ ಗೊಬ್ಬರಗಳನ್ನು ಸುಣ್ಣದೊಡನೆ ಬೆರೆಸಿ ಹಾಕಬಾರದು. ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ.

4. ಮೆಗ್ನೀಷಿಯಂ ಕೊರತೆ ಇರುವಲ್ಲಿ ಡಾಲೊಮೈಟ್ ಆರಿಸಿಕೊಳ್ಳಬೇಕು.

5. ನೀರು ನಿಲ್ಲಿಸಿ ಬೆಳೆಯುವ ಭತ್ತದ ಗದ್ದೆಯಲ್ಲಿ ಕೆಲವು ವಾರಗಳಲ್ಲಿ ರಸಸಾರ ತಾನಾಗಿಯೇ ತಟಸ್ಥದ ಕಡೆಗೆ ಏರುತ್ತದೆ. ಆದ್ದರಿಂದ ಒಣ ಬೇಸಾಯದ ಜಮೀನಿನಷ್ಟು ಸುಣ್ಣ ಅಲ್ಲಿಗೆ ಬೇಕಾಗುವುದಿಲ್ಲ.

6. ಗುರಿಯ ರಸಸಾರ ಬೆಳೆಯನ್ನು ಅವಲಂಬಿಸಿದೆ. ದ್ವಿದಳ ಬೆಳೆಗಳಿಗೆ 6ರಿಂದ 6.5 ಹಿತಕರ. ಚಹಾ ಹುಳಿಯನ್ನೇ ಬಯಸುವ ಬೆಳೆ. ಆಲೂಗಡ್ಡೆಯಲ್ಲಿ ರಸಸಾರ ಹೆಚ್ಚಾದಂತೆ ಕಜ್ಜಿರೋಗವೂ ಹೆಚ್ಚಾಗುತ್ತದೆ.

ಒಮ್ಮೆ ಸುಣ್ಣ ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮಳೆಯ ಜೊತೆಗೆ ಗೊಬ್ಬರಗಳೂ ಕಣಜವನ್ನು ಮತ್ತೆ ತುಂಬಿಸುತ್ತವೆ. 100 ಕಿ.ಗ್ರಾಂ ಅಮೋನಿಯಂ ಸಲ್ಫೇಟಿನಿಂದ ಉಂಟಾಗುವ ಹುಳಿಯನ್ನು ಕಳೆಯಲು ಸುಮಾರು 110 ಕಿ.ಗ್ರಾಂ ಸುಣ್ಣಕಲ್ಲು ಬೇಕು. ಅಂದರೆ ಅದು ಮಣ್ಣಿಗೆ ಸೇರಿಸುವ ಆಮ್ಲ 2,200 ಮೋಲ್. 100 ಕಿ.ಗ್ರಾಂ ಯೂರಿಯಾಕ್ಕೆ ಸುಮಾರು 80 ಕಿ.ಗ್ರಾಂ ಸುಣ್ಣಕಲ್ಲು ಬೇಕು. ಮೂರು ವರ್ಷಕ್ಕೊಮ್ಮೆಯಾದರೂ ಮಣ್ಣನ್ನು ಪರೀಕ್ಷಿಸಬೇಕಾದದ್ದು ಇದರಿಂದಲೇ.

ಪರೀಕ್ಷೆ ಮಾಡುವವರಿಗೆ ಕಿವಿಮಾತು

ಇಲ್ಲಿ ರಸಸಾರದ ಎರಡನೆಯ ದಶಾಂಶ ಸ್ಥಾನವೂ ಮುಖ್ಯ. ಆಡಮ್ಸ್ ಮತ್ತು ಇವಾನ್ಸ್ ಬಫರಿನಲ್ಲಿ 0.01ರಷ್ಟು ವ್ಯತ್ಯಾಸವಾದರೆ ಒಟ್ಟು ಆಮ್ಲದ ಲೆಕ್ಕದಲ್ಲಿ ಹೆಕ್ಟೇರಿಗೆ 80 ಕಿ.ಗ್ರಾಂ ಸುಣ್ಣಕಲ್ಲಿನ ವ್ಯತ್ಯಾಸವಾಗುತ್ತದೆ. ಮಾಪಕ 0.05ರಷ್ಟು ತಪ್ಪಿದರೆ 400 ಕಿ.ಗ್ರಾಂ. ಆದ್ದರಿಂದ ಪ್ರತಿ ಸಲವೂ ಪ್ರಮಾಣಿತ ದ್ರಾವಣಗಳಿಂದ ಮಾಪಕವನ್ನು ಸರಿಹೊಂದಿಸಿ, ಮಣ್ಣಿಲ್ಲದ ಬಫರ್ ಮಿಶ್ರಣ 8.00 ತೋರಿಸುವುದೇ ಎಂದು ನೋಡಿಕೊಂಡೇ ಮುಂದುವರಿಯಬೇಕು. ಬಫರ್ ಸೀಸೆಯ ಬಿರಡೆಯನ್ನು ಭದ್ರವಾಗಿ ಮುಚ್ಚಿಡಬೇಕು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿದರೆ ಮಣ್ಣು ಹಾಕುವ ಮೊದಲೇ ರಸಸಾರ ಇಳಿದಿರುತ್ತದೆ. ಒಂದು ಬಫರಿನ ಕೋಷ್ಟಕವನ್ನು ಇನ್ನೊಂದು ಬಫರಿನ ಅಂಕಿಗೆ ಬಳಸಲೇಬಾರದು. ಪ್ಯಾರಾ ನೈಟ್ರೊಫೀನಾಲ್ ವಿಷಕಾರಿಯಾದ್ದರಿಂದ ದ್ರಾವಣವನ್ನು ಬಾಯಿಂದ ಹೀರಿ ಅಳೆಯಬಾರದು. ಉಳಿದದ್ದನ್ನು ಬಾವಿ ಅಥವಾ ಹೊಲದ ಬಳಿ ಚೆಲ್ಲಬಾರದು.

ಮಣ್ಣಿನ ಮಾದರಿ ಸರಿಯಿಲ್ಲದಿದ್ದರೆ ಈ ಎಚ್ಚರಿಕೆಗಳೆಲ್ಲವೂ ವ್ಯರ್ಥ. ಪ್ರಯೋಗಾಲಯದಲ್ಲಿ ತೂಗುವ 10 ಗ್ರಾಂ ಮಣ್ಣು 20 ಲಕ್ಷ ಕಿ.ಗ್ರಾಂ ಮಣ್ಣಿನ ಪರವಾಗಿ ಉತ್ತರ ಹೇಳಬೇಕಾಗುತ್ತದೆ. ಬದು, ಗೊಬ್ಬರದ ಗುಂಡಿ, ಮರದ ನೆರಳು ಇರುವ ಜಾಗಗಳನ್ನು ಬಿಟ್ಟು, ಜಮೀನಿನ ಹತ್ತಾರು ಕಡೆ 15 ಸೆಂ.ಮೀ. ಆಳದವರೆಗೆ ತೆಗೆದ ಮಣ್ಣನ್ನು ಚೆನ್ನಾಗಿ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅದರಿಂದ ಅರ್ಧ ಕಿ.ಗ್ರಾಂನಷ್ಟನ್ನು ಕಳುಹಿಸಬೇಕು. ಕೆಂಪು ಮಣ್ಣಿನ ಭಾಗವನ್ನೂ ಜೇಡಿ ಮಣ್ಣಿನ ಭಾಗವನ್ನೂ ಒಂದೇ ಚೀಲಕ್ಕೆ ಸೇರಿಸಬಾರದು. ಚೀಟಿಯಲ್ಲಿ ಬೆಳೆಯ ಹೆಸರಿನ ಜೊತೆಗೆ "ಸುಣ್ಣದ ಅವಶ್ಯಕತೆ ತಿಳಿಸಿರಿ" ಎಂದು ಬರೆದು ಕಳುಹಿಸಿದರೆ, ವರದಿಯಲ್ಲಿ ರಸಸಾರದ ಜೊತೆಗೆ ಹಾಕಬೇಕಾದ ಸುಣ್ಣದ ತೂಕವನ್ನೂ ಕೇಳಿ ಪಡೆದಂತಾಗುತ್ತದೆ.